ಕತ್ತರಿ ಎಲ್ಲರದಾಯ್ತು, ಬೈಗುಳ ನಮ್ಮದೇ ಉಳೀತು

2025ರ ಜಾತಿ ಸಮೀಕ್ಷೆ ನೆನಪಿದೆ ಅಲ್ವಾ? ಹಿಂದುಳಿದ ವರ್ಗಗಳ ಆಯೋಗದ್ದು, ಸೆಪ್ಟೆಂಬರ್ 22ಕ್ಕೆ ಶುರುವಾಗಿದ್ದು. ಮೊದಲು ಬಾಗಿಲಿಗೆ ಸ್ಟಿಕ್ಕರ್ ಅಂಟಿಸಿ ಹೋದರು. ಆಮೇಲೆ ಮೇಷ್ಟ್ರುಗಳು ಮೊಬೈಲ್ ಹಿಡಿದು ಮನೆಮನೆ ಸುತ್ತಿದರು. 60 ಪ್ರಶ್ನೆ. ಜಾತಿ ಕಾಲಂನಲ್ಲಿ ಏನು ಬರೆಸಬೇಕು, ಧರ್ಮದ ಕಾಲಂನಲ್ಲಿ ಏನು ಬರೆಸಬೇಕು ಅಂತ ಮಠಗಳು, ಸಂಘಗಳು, ವಾಟ್ಸಾಪ್ ಗ್ರೂಪುಗಳು ಕಿತ್ತಾಡಿದ್ದೇ ಕಿತ್ತಾಡಿದ್ದು. ಆ ಗಲಾಟೆಯಲ್ಲಿ ಇನ್ನೊಂದು ಪ್ರಶ್ನೆ ಯಾರ ಕಣ್ಣಿಗೂ ಬೀಳಲಿಲ್ಲ. ನಿಮ್ಮ ಕುಲಕಸುಬು ಯಾವುದು? ಅದರ ಜೊತೆಗೇ ಇನ್ನೆರಡು. ಅದನ್ನು ಮುಂದುವರಿಸಿದ್ದೀರಾ? ಅದರಿಂದ ಬಂದ ಕಾಯಿಲೆ ಏನಾದರೂ ಇದೆಯಾ?

ಹೊಲ ಗದ್ದೆ ಇರುವವರು 'ವ್ಯವಸಾಯ' ಅಂದು ಮುಗಿಸಿರುತ್ತಾರೆ. ನಮಗೆ ಅಷ್ಟು ಸುಲಭ ಇರಲಿಲ್ಲ. ನಾವು ಕ್ಷೌರಿಕರು. ಹಳೇ ಮೈಸೂರಿನ ಕಡೆ ಕೆಲಸಿ, ನಾಯಿಂದ ಅಂತಾರೆ. ಕರಾವಳಿಯಲ್ಲಿ ಭಂಡಾರಿ. ಉತ್ತರ ಕರ್ನಾಟಕದಲ್ಲಿ ಹಡಪದ. ಸರ್ಕಾರಿ ಕಾರ್ಯಕ್ರಮದ ಬ್ಯಾನರ್ ಮೇಲೆ ಸವಿತಾ ಸಮಾಜ. ಹಿಂದುಳಿದ ವರ್ಗಗಳ ಮೀಸಲಾತಿ ಪಟ್ಟಿಯಲ್ಲಿ 2ಎ ಅನ್ನುವ ಗುಂಪು. ಜಗಳ ಆದಾಗ ಮಾತ್ರ ಇಡೀ ರಾಜ್ಯಕ್ಕೆ ಒಂದೇ ಹೆಸರು. ಅದನ್ನು ಇಲ್ಲಿ ಬರೆಯಲ್ಲ, ನಿಮಗೆಲ್ಲ ಗೊತ್ತಿರುವುದೇ.

ನಾನು ಬ್ಯಾಂಕಿನಲ್ಲಿದ್ದೇನೆ. ಕತ್ತರಿ ಹಿಡಿದು ನೆಟ್ಟಗೆ ನಾಲ್ಕು ಕೂದಲು ಕತ್ತರಿಸಲು ಬರುವುದಿಲ್ಲ. ಅಣ್ಣ ಹೋಬಳಿಯಲ್ಲಿ ಅಪ್ಪನ ಅಂಗಡಿಯನ್ನೇ ನಡೆಸುತ್ತಿದ್ದಾನೆ. ಹಾಗಾದರೆ ಕುಲಕಸುಬು ಮುಂದುವರಿದಿದೆಯೋ ಇಲ್ಲವೋ? ಕಾಯಿಲೆಯ ಪ್ರಶ್ನೆಗೆ ಮಾತ್ರ ಉತ್ತರ ಸಲೀಸಾಗಿತ್ತು. ಬೆಳಿಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ ನಿಂತೇ ಕೆಲಸ ಮಾಡಿದ ಅಪ್ಪನ ಮೀನಖಂಡದಲ್ಲಿ ನರಗಳು ಹುರಿ ಹುರಿಯಾಗಿ ಎದ್ದು ನಿಂತಿದ್ದವು. ಬಲಗೈ ಭುಜದ ಮೇಲಕ್ಕೆ ಏಳುತ್ತಿರಲಿಲ್ಲ. ಅಂಗಡಿಯಲ್ಲಿ ಜೀವನವಿಡೀ ಎತ್ತಿದ್ದ ಕೈ ಅದು, ಮನೆಯಲ್ಲಿ ಅಟ್ಟದ ಮೇಲಿನ ಡಬ್ಬ ಇಳಿಸಲು ನಮ್ಮನ್ನು ಕರೆಯಬೇಕಿತ್ತು. ಈ ಕಾಲಂ ಸೇರಿಸಿದ ಪುಣ್ಯಾತ್ಮ ಯಾರೋ, ಅವನಿಗೆ ಒಂದು ನಮಸ್ಕಾರ.

ಈಗ ವಿಷಯಕ್ಕೆ ಬರ್ತೀನಿ. 'ಈಗ ಎಲ್ಲಿದೆ ಸ್ವಾಮಿ ಜಾತಿ ಕಸುಬು? ಯಾರು ಯಾವ ಕೆಲಸ ಬೇಕಾದರೂ ಮಾಡಬಹುದು' ಅಂತ ಹೇಳುವ ಗೆಳೆಯರು ನನಗೆ ತುಂಬಾ ಜನ ಇದ್ದಾರೆ. ಅವರ ಮಾತು ಅರ್ಧ ನಿಜ. ನಮ್ಮ ಕಸುಬನ್ನು ಈಗ ಯಾರು ಬೇಕಾದರೂ ಮಾಡುತ್ತಾರೆ. ದುಡ್ಡಿದ್ದವರು ದೊಡ್ಡದಾಗಿಯೇ ಮಾಡುತ್ತಾರೆ. ಆದರೆ ಆ ಕಸುಬಿಗೆ ಅಂಟಿದ್ದ ಕೀಳುತನ ಕಸುಬಿನ ಜೊತೆ ಅವರ ಮನೆಗೆ ಹೋಗಲಿಲ್ಲ. ಕತ್ತರಿ ಬಿಟ್ಟು ಎಷ್ಟೋ ವರ್ಷವಾದರೂ ನಮ್ಮ ಮನೆಯಲ್ಲೇ ಕೂತಿದೆ.

ಮೊದಲು ಹೇಗಿತ್ತು ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ತಾತ ಊರಿನ ಆಯಗಾರ. ಕೂಲಿ ಅಂತ ಕಾಸು ಇರಲಿಲ್ಲ. ವರ್ಷವಿಡೀ ಊರಿನ ತಲೆ, ಗಡ್ಡ ನೋಡಿಕೊಳ್ಳಬೇಕು, ಸುಗ್ಗಿಯಲ್ಲಿ ಕಣದ ಹತ್ತಿರ ಹೋಗಿ ನಿಂತರೆ ರಾಗಿ ಅಳೆದು ಹಾಕುತ್ತಿದ್ದರು. ಮಳೆ ಕೈಕೊಟ್ಟ ವರ್ಷ ರಾಗಿಯೂ ಇಲ್ಲ. ಕ್ಷೌರ ಮಾತ್ರ ನಿಲ್ಲಿಸುವ ಹಾಗಿಲ್ಲ. ಕೆಲಸ ನಡೆಯುತ್ತಿದ್ದದ್ದು ದನದ ಕೊಟ್ಟಿಗೆಯ ಮಗ್ಗುಲಲ್ಲಿ, ಇಲ್ಲ ಹಿತ್ತಿಲಲ್ಲಿ. ಕ್ಷೌರ ಮಾಡಿಸಿಕೊಂಡವರು ಮನೆಯೊಳಗೆ ಏನನ್ನೂ ಮುಟ್ಟದೆ ಹಿಂಬಾಗಿಲಿಂದ ನೇರ ಬಚ್ಚಲಿಗೆ ಹೋಗಬೇಕು. ಎಷ್ಟೋ ಮನೆಗಳಲ್ಲಿ ಈಗಲೂ ಹಾಗೇ ತಾನೆ? ಬೆಳಿಗ್ಗೆ ಎದ್ದು ನಮ್ಮವರ ಮುಖ ನೋಡಿದರೆ ಅಪಶಕುನ. ಅದೇ ಮನೆಯಲ್ಲಿ ಮದುವೆ ಅಂದರೆ ಮದುಮಗನ ಉಗುರು ತೆಗೆಯುವ ಶಾಸ್ತ್ರಕ್ಕೆ ನಾವೇ ಬೇಕು. ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ ಕೊಟ್ಟು ಕೂರಿಸುತ್ತಿದ್ದರು. ಎಷ್ಟೋ ಊರುಗಳಲ್ಲಿ ವಾಲಗ ಊದುವವರೂ ನಮ್ಮವರೇ. ಸತ್ತರೆ ತಲೆ ಬೋಳಿಸಲೂ ನಾವೇ. ಅಜ್ಜಿ ಸೂಲಗಿತ್ತಿ. ಊರಿನ ಅರ್ಧ ಜನ ಅವಳ ಕೈಯಲ್ಲೇ ಹುಟ್ಟಿದವರು. ಅಂದರೆ ಹುಟ್ಟಿದಾಗ ಮೊದಲು ಮುಟ್ಟಿದ್ದು ಅಜ್ಜಿ, ಆಮೇಲೆ ಜನ್ಮವಿಡೀ ಅವರು ಮೈಲಿಗೆ ಅಂತ ಸ್ನಾನ ಮಾಡಿದ್ದು ತಾತ ಮುಟ್ಟಿದ್ದಕ್ಕೆ.

ಇದನ್ನು ಕೆಲವರು 'ಸೌಹಾರ್ದದ ಹಳ್ಳಿ ಬದುಕು, ಎಲ್ಲರಿಗೂ ಒಂದು ಸ್ಥಾನ ಇತ್ತು' ಅಂತ ಬರೆಯುತ್ತಾರೆ. ಸ್ಥಾನ ಇತ್ತು, ನಿಜ. ಕೊಟ್ಟಿಗೆ ಮಗ್ಗುಲಲ್ಲಿ.

ನನ್ನ ಲೆಕ್ಕದಲ್ಲಿ ನಮ್ಮ ಮನೆಗೆ ದೊಡ್ಡ ಬದಲಾವಣೆ ತಂದದ್ದು ಭಾಷಣವೂ ಅಲ್ಲ, ಜಯಂತಿಯೂ ಅಲ್ಲ. ಕುರ್ಚಿ. ಅಪ್ಪ ಹೋಬಳಿಯ ಬಸ್ ಸ್ಟ್ಯಾಂಡ್ ಹತ್ತಿರ ಬಾಡಿಗೆಗೆ ಒಂದು ಮಳಿಗೆ ಹಿಡಿದು, ಎದುರು ಬದುರು ಎರಡು ಕನ್ನಡಿ ಹಾಕಿ, ತಿರುಗುವ ಕುರ್ಚಿ ತಂದ. ಮನೆಮನೆಗೆ ಹೋಗುವಾಗ ತಾತ ಕುಕ್ಕರಗಾಲಲ್ಲಿ ಕೂತು ಕೆಲಸ ಮಾಡಬೇಕಿತ್ತು. ಅಂಗಡಿಯಲ್ಲಿ ಅಪ್ಪ ನಿಂತ, ಗಿರಾಕಿ ಕೂತ. 'ತಲೆ ಬಗ್ಗಿಸಿ ಗೌಡ್ರೇ' ಅಂತ ಅಪ್ಪ ಹೇಳಿದರೆ ಗೌಡರು ಬಗ್ಗಿಸಬೇಕು. ಅದಕ್ಕಿಂತ ದೊಡ್ಡದು ಅಂದರೆ ಸರದಿ. ಪಟೇಲರ ಮನೆಯವರಾದರೂ ಮುಂದೆ ಇಬ್ಬರು ಕೂತಿದ್ದರೆ ಬೆಂಚಿನ ಮೇಲೆ ಪೇಪರ್ ಓದುತ್ತಾ ಕಾಯಬೇಕು. ಕೆಲಸ ಮುಗಿದ ಮೇಲೆ ಕಾಸು ಎಣಿಸಿ ಗಲ್ಲಾದಲ್ಲಿ ಹಾಕಬೇಕು. ರಾಗಿಗಾಗಿ ಕಣದ ಹತ್ತಿರ ನಿಲ್ಲುವುದು ತಪ್ಪಿತು. ಮಂಗಳವಾರ ರಜೆ. ನಮ್ಮ ತಾತನಿಗೆ ರಜೆ ಅನ್ನುವುದೇ ಗೊತ್ತಿರಲಿಲ್ಲ.

ಅದೇ ಗಲ್ಲಾದ ದುಡ್ಡಲ್ಲಿ ನಾನು ಓದಿದೆ. ಹಾಗಾಗಿ ಕಸುಬಿನ ಮೇಲೆ ನನಗೆ ಸಿಟ್ಟಿಲ್ಲ. ಸ್ಕೂಲಲ್ಲಿ ಹುಡುಗರು ನನ್ನ ಬೆನ್ನ ಹಿಂದೆ ಬೆರಳಲ್ಲಿ ಕತ್ತರಿ ಆಡಿಸುತ್ತಿದ್ದರು ನೋಡಿ, ಅದರ ಮೇಲೆ ಇದೆ.

ಈಗಿನ ಚಿತ್ರ ನೋಡಿ. ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಗಾಜಿನ ಬಾಗಿಲಿನ ಯೂನಿಸೆಕ್ಸ್ ಸಲೂನ್ ಸಿಗುತ್ತದೆ. ಫ್ರಾಂಚೈಸಿ ತಗೊಂಡವರು ಯಾವ ಜಾತಿಯವರೂ ಆಗಿರಬಹುದು. ಬಂಡವಾಳ ಇದ್ದರೆ ಸಾಕು. ಒಳಗೆ ಕೆಲಸ ಮಾಡುವವರು ಉತ್ತರ ಪ್ರದೇಶ, ಬಿಹಾರ, ಈಶಾನ್ಯ ರಾಜ್ಯಗಳ ಹುಡುಗ ಹುಡುಗಿಯರು. ಲಕ್ಷಗಟ್ಟಲೆ ಫೀಸು ಕಟ್ಟಿ ಹೇರ್ ಸ್ಟೈಲಿಂಗ್ ಕೋರ್ಸ್ ಮಾಡಿದ ಮೇಲ್ಜಾತಿಯ ಹುಡುಗನಿಗೆ ಅವನ ಮನೆಯವರು 'ಕ್ರಿಯೇಟಿವ್ ಫೀಲ್ಡ್' ಅಂತ ಹೇಳಿಕೊಳ್ಳುತ್ತಾರೆ. ಹೇಳಿಕೊಳ್ಳಲಿ, ಒಳ್ಳೆಯದೇ. ಅವನನ್ನು ಯಾರೂ ಆ ಬೈಗುಳದ ಹೆಸರಿಂದ ಕರೆಯುವುದಿಲ್ಲ. ಬಾಡಿಗೆ ಮನೆ ಕೇಳಲು ಹೋದ ನನ್ನನ್ನು ಮಾತ್ರ ಮಾಲೀಕರು 'ಯಾರ ಪೈಕಿ?' ಅಂತ ಕೇಳಿ, ಉತ್ತರ ಬಂದ ಮೇಲೆ ಒಂದು ಗಳಿಗೆ ಸುಮ್ಮನಾಗುತ್ತಾರೆ. ನಾನು ಅವರ ಲೋನ್ ಫೈಲ್ ನೋಡುವ ಮನುಷ್ಯ!

ಲಾಕ್‌ಡೌನ್ ಟೈಮಲ್ಲಿ ಇನ್ನೊಂದು ತಮಾಷೆ ಆಯ್ತು. ಅಂಗಡಿಗಳೆಲ್ಲ ಬಂದ್. 2020ರ ಮೇ ತಿಂಗಳಲ್ಲಿ ಯಡಿಯೂರಪ್ಪನವರು 1,610 ಕೋಟಿಯ ಪ್ಯಾಕೇಜ್ ಘೋಷಿಸಿದರು. ಅದರಲ್ಲಿ ಸುಮಾರು 2,30,000 ಕ್ಷೌರಿಕರಿಗೆ, 60,000 ಮಡಿವಾಳರಿಗೆ ತಲಾ 5,000 ರೂಪಾಯಿ ಅಂತ ಇತ್ತು. ಅರ್ಜಿ ಹಾಕಲು ಅಣ್ಣ ಸೈಬರ್ ಸೆಂಟರ್‌ಗೆ ಅಲೆಯುತ್ತಿದ್ದ. ಅದೇ ವಾರ ನನ್ನ ಫೇಸ್‌ಬುಕ್ ತುಂಬಾ ಸಾಫ್ಟ್‌ವೇರ್ ಗೆಳೆಯರು ಟ್ರಿಮ್ಮರ್ ಹಿಡಿದು ಮಕ್ಕಳ ಕೂದಲು ಕತ್ತರಿಸುವ ಫೋಟೋಗಳು. ಹೆಂಡತಿ ಗಂಡನಿಗೆ, ಅಪ್ಪ ಮಗನಿಗೆ, ಎಲ್ಲರೂ ನಡುಮನೆಯಲ್ಲೇ ಕ್ಷೌರ ಮಾಡಿದರು. 'ಹೊಸ ಸ್ಕಿಲ್ ಅನ್‌ಲಾಕ್ಡ್' ಅಂತ ಬರೆದುಕೊಂಡರು. ನಡುಮನೆಗೆ ಮೈಲಿಗೆ ಆದ ಸುದ್ದಿ ಯಾರೂ ಹಾಕಲಿಲ್ಲ.

ಇನ್ನು ರೋಲ್ಸ್ ರಾಯ್ಸ್ ವಿಷಯ. ನಾನು ಈ ಮಾತು ಎತ್ತಿದಾಗಲೆಲ್ಲ ಯಾರೋ ಒಬ್ಬರು ಬೆಂಗಳೂರಿನ ರೋಲ್ಸ್ ರಾಯ್ಸ್ ಮಾಲೀಕ ಕ್ಷೌರಿಕರ ವಿಡಿಯೋ ಕಳಿಸುತ್ತಾರೆ. 'ನೋಡಿ, ಮನಸ್ಸಿದ್ದರೆ ಮಾರ್ಗ.' ಆ ಮನುಷ್ಯನ ಶ್ರಮದ ಬಗ್ಗೆ ನನಗೆ ದೊಡ್ಡ ಗೌರವ ಇದೆ. ಆದರೆ ವಿಡಿಯೋ ಪೂರ್ತಿ ನೋಡಿ. ಆ ಕಾರು ಬಂದದ್ದು ಕತ್ತರಿಯಿಂದ ಅಲ್ಲ, ಕಾರು ಬಾಡಿಗೆಗೆ ಬಿಡುವ ವ್ಯಾಪಾರದಿಂದ. ಕೋಟ್ಯಧಿಪತಿಯಾದ ಮೇಲೂ ಪತ್ರಿಕೆಯವರು ಅವರನ್ನು ಟ್ರಾವೆಲ್ಸ್ ಮಾಲೀಕ ಅನ್ನುವುದು ಕಡಿಮೆ, ಮೊದಲು ನೆನಪಾಗುವುದು ಕ್ಷೌರವೇ.

ಬಿಹಾರದ ಕರ್ಪೂರಿ ಠಾಕೂರ್ ಅವರಿಗೂ ಹೀಗೇ ಆಯಿತು. ಸ್ವಾತಂತ್ರ್ಯ ಹೋರಾಟಗಾರ, 1952ರಿಂದ ಶಾಸಕ, ಎರಡು ಸಲ ಮುಖ್ಯಮಂತ್ರಿ. ಕ್ಷೌರಿಕ ಕುಟುಂಬದಲ್ಲಿ ಹುಟ್ಟಿದವರು. 1978ರಲ್ಲಿ ಹಿಂದುಳಿದವರಿಗೆ ಮೀಸಲಾತಿ ತಂದಾಗ ಬೀದಿಯಲ್ಲಿ ಅವರ ವಿರುದ್ಧ ಕೂಗಿದ ಘೋಷಣೆ ಏನು ಗೊತ್ತಾ? ಗದ್ದುಗೆ ಬಿಡು, ಕ್ಷೌರದ ಕತ್ತಿ ಹಿಡಿ ಅಂತ. ಅವರ ನೀತಿ ಸರಿಯಿಲ್ಲ ಅನ್ನಬಹುದಿತ್ತು, ಲೆಕ್ಕ ತಪ್ಪು ಅನ್ನಬಹುದಿತ್ತು. ಅದ್ಯಾವುದೂ ಹೊಳೆಯಲಿಲ್ಲ. 2024ರಲ್ಲಿ ಭಾರತರತ್ನ ಘೋಷಣೆಯಾದಾಗ ಎಲ್ಲ ಪಕ್ಷದವರೂ ಹಾಡಿ ಹೊಗಳಿದರು. ಅವರು ತೀರಿಕೊಂಡು 36 ವರ್ಷ ಆಗುತ್ತಾ ಬಂದಿತ್ತು.

ನಮ್ಮವರು ಇದಕ್ಕೆ ಕಂಡುಕೊಂಡ ಉಪಾಯ ಹೊಸ ಹೆಸರು, ಹೊಸ ಪುರಾಣ. ಸವಿತಾ ಮಹರ್ಷಿ ಶಿವನ ಕಣ್ಣಿನಿಂದ ಹುಟ್ಟಿದವರು, ನಾವು ಅವರ ವಂಶ ಅಂತ ವೇದಿಕೆಯಲ್ಲಿ ಹೇಳುತ್ತಾರೆ. ಸರ್ಕಾರ ಜಯಂತಿ ಆಚರಿಸುತ್ತದೆ. ಮೆರವಣಿಗೆಯಲ್ಲಿ ವಾಲಗದವರು ನಮ್ಮವರೇ, ಆ ದಿನವಾದರೂ ನಮಗಾಗಿ ಊದುತ್ತಾರೆ. ತಹಶೀಲ್ದಾರರು ಫೋಟೋಕ್ಕೆ ಹೂವು ಹಾಕಿ, 'ಕಾಯಕವೇ ಕೈಲಾಸ' ಅಂತ ಎರಡು ಮಾತಾಡಿ, ಉಪ್ಪಿಟ್ಟು ತಿಂದು ಹೋಗುತ್ತಾರೆ. ಗುಂಪಾಗಿ ಸೇರಲು ಒಂದು ನೆಪ ಬೇಕು, ಅದನ್ನು ನಾನು ಹಗುರ ಮಾಡಲ್ಲ. ಹಳೆಯ ಹೆಸರು ಹೇಳಲು ನಾಚುತ್ತಿದ್ದ ಅಪ್ಪ ಕೊನೆಗಾಲದಲ್ಲಿ 'ನಾವು ಸವಿತಾ ಸಮಾಜದವರು' ಅಂತ ಧೈರ್ಯವಾಗಿ ಹೇಳುತ್ತಿದ್ದ. ಆದರೆ ಕಣ್ಣಿನಿಂದ ಹುಟ್ಟಿದವರು, ಕ್ಷತ್ರಿಯರು ಅನ್ನುವ ದಾರಿ ನನಗೆ ಹಿಡಿಸುವುದಿಲ್ಲ. ಮೇಲೆ ಹತ್ತಲು ಏಣಿ ಹುಡುಕುತ್ತಾ ಹೋದರೆ ಕೆಳಗೆ ಇನ್ನೊಬ್ಬ ಇರಲೇಬೇಕಾಗುತ್ತದೆ.

ಹೆಸರೇ ಬೇಕು ಅಂದರೆ ನನಗೆ ಹನ್ನೆರಡನೇ ಶತಮಾನದ ಹಡಪದ ಅಪ್ಪಣ್ಣ ಸಾಕು. ಬಸವಣ್ಣನವರ ಜೊತೆ ಸದಾ ಇದ್ದವರು. ಅವರ ಹೆಂಡತಿ ಲಿಂಗಮ್ಮ ಕೂಡ ವಚನ ಬರೆದವರು. ಮಾಚಿದೇವನಿಗೆ ಮಡಿವಾಳ, ಚೌಡಯ್ಯನಿಗೆ ಅಂಬಿಗರ, ಕಸುಬನ್ನೇ ಹೆಸರಿನ ಮುಂದೆ ಇಟ್ಟುಕೊಂಡು ತಲೆಯೆತ್ತಿ ಮಾತಾಡಿದ ಕಾಲ ಅದು. ಎಷ್ಟು ದಿನ ನಡೆಯಿತು, ಹೇಗೆ ಮುಗಿಯಿತು ಅನ್ನುವುದೂ ಗೊತ್ತಿದೆ.

ಕೆಳಗೆ ಇನ್ನೊಬ್ಬ ಅಂದೆನಲ್ಲ. ಇದನ್ನು ಬರೆದರೆ ನಮ್ಮ ಸಂಘದ ಗ್ರೂಪಿನಲ್ಲಿ ನನಗೆ ಬೈಗುಳ ಗ್ಯಾರಂಟಿ. ತಾತ ಊರಿನ ಎಲ್ಲರ ತಲೆಯನ್ನೂ ನೋಡಿಕೊಳ್ಳುತ್ತಿದ್ದ ಅಂತ ಮೇಲೆ ಬರೆದೆ. ಎಲ್ಲರದೂ ಅಲ್ಲ. ದಲಿತರ ಕೇರಿಗೆ ಅವನು ಕಾಲಿಟ್ಟವನಲ್ಲ. ಕೇರಿಯವರು ಅವರವರೇ ಕತ್ತರಿಸಿಕೊಳ್ಳಬೇಕಿತ್ತು, ಇಲ್ಲ ದೂರದ ಪಟ್ಟಣಕ್ಕೆ ಹೋಗಬೇಕಿತ್ತು. ಅಂಗಡಿ ಬಂದ ಮೇಲೂ ತುಂಬಾ ಊರುಗಳಲ್ಲಿ ಇದು ನಿಂತಿಲ್ಲ. ದಲಿತ ಹುಡುಗ ಒಳಗೆ ಬಂದರೆ 'ಕರೆಂಟ್ ಇಲ್ಲ', 'ಬ್ಲೇಡ್ ಖಾಲಿ', 'ಈಗ ಊಟಕ್ಕೆ ಹೋಗ್ತಿದ್ದೀನಿ'. ಇಲ್ಲದಿದ್ದರೆ ಅಂಗಡಿಗೇ ಬೀಗ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿದೆ, 1955ರಿಂದ ಇದು ಶಿಕ್ಷೆಯಾಗುವ ಅಪರಾಧ. ಆದರೂ 2024ರ ಆಗಸ್ಟ್‌ನಲ್ಲಿ ಕೊಪ್ಪಳ ಜಿಲ್ಲೆಯ ಯಲಬುರ್ಗಾ ತಾಲೂಕಿನ ಸಂಗನಾಳದಲ್ಲಿ ಕ್ಷೌರಕ್ಕೆ ಹೋದ ದಲಿತ ಯುವಕ ಹೆಣವಾದ. ಕತ್ತರಿಯಿಂದ ಇರಿದ ಆರೋಪದ ಮೇಲೆ ಪೊಲೀಸರು ಹಿಡಿದದ್ದು ಕ್ಷೌರದ ಅಂಗಡಿಯವನನ್ನು. ಆ ಸುದ್ದಿ ಓದಿದ ದಿನ ನನಗೆ ನಮ್ಮ ಯಾವ ಜಯಂತಿಯೂ ನೆನಪಾಗಲಿಲ್ಲ.

'ನಾವೇನು ಮಾಡೋದು, ಊರಿನ ದೊಡ್ಡವರು ಬಿಡಲ್ಲ' ಅನ್ನುತ್ತಾರೆ ನಮ್ಮವರು. ಇದು ಸುಳ್ಳಲ್ಲ. 2020ರ ನವೆಂಬರ್‌ನಲ್ಲಿ ನಂಜನಗೂಡು ತಾಲೂಕಿನ ಹಲ್ಲರೆಯ ಸುದ್ದಿ ಬಂದಿತ್ತು. ಅಲ್ಲಿ ಒಬ್ಬ ಕ್ಷೌರಿಕ ಪರಿಶಿಷ್ಟ ಜಾತಿ, ಪಂಗಡದವರಿಗೂ ಕಟಿಂಗ್ ಮಾಡುತ್ತಿದ್ದ. ಅದಕ್ಕೆ ತನ್ನ ಕುಟುಂಬಕ್ಕೆ ಬಹಿಷ್ಕಾರ ಹಾಕಿ 50,000 ದಂಡ ಕೇಳಿದರು ಅಂತ ಅವನು ಅಧಿಕಾರಿಗಳ ಹತ್ತಿರ ಹೋಗಿದ್ದ. ಒಂದು ಕಟಿಂಗ್‌ಗೆ ಐವತ್ತೋ ಎಂಬತ್ತೋ ಪಡೆಯುವವನಿಗೆ 50,000! ಅಂಥವನೊಬ್ಬನಿಗೆ ನಮ್ಮ ಸಮಾಜದ ಎಷ್ಟು ವೇದಿಕೆಗಳಲ್ಲಿ ಶಾಲು ಹೊದಿಸಿದ್ದೇವೆ?

ಗಾಂಧೀಜಿ ಆತ್ಮಕಥೆಯಲ್ಲಿ ಒಂದು ಪ್ರಸಂಗ ಬರುತ್ತದೆ. ಪ್ರಿಟೋರಿಯಾದಲ್ಲಿ ಬಿಳಿಯ ಕ್ಷೌರಿಕ ಅವರಿಗೆ ಕಟಿಂಗ್ ಮಾಡಲು ಒಪ್ಪಲಿಲ್ಲ. ಇವರು ಕ್ಲಿಪ್ಪರ್ ಕೊಂಡು ಕನ್ನಡಿ ಮುಂದೆ ತಾವೇ ಕತ್ತರಿಸಿಕೊಂಡರು. ಮುಂದೆ ಪರವಾಗಿಲ್ಲ, ಹಿಂದೆ ಹಾಳು. ಕೋರ್ಟಿನಲ್ಲಿ ಗೆಳೆಯರು 'ಇಲಿ ಕಡಿದಿದೆಯಾ?' ಅಂತ ನಕ್ಕರಂತೆ. ನಗುವಷ್ಟು ನಕ್ಕು ಮುಂದಿನ ಸಾಲು ಓದಿ. ಆ ಕ್ಷೌರಿಕನದು ತಪ್ಪಲ್ಲ, ಕರಿಯರಿಗೆ ಕಟಿಂಗ್ ಮಾಡಿದರೆ ಅವನ ಗಿರಾಕಿ ಹೋಗುತ್ತಿದ್ದರು, ನಮ್ಮಲ್ಲೂ ಅಸ್ಪೃಶ್ಯರಿಗೆ ಕ್ಷೌರ ಮಾಡಲು ನಾವು ಕ್ಷೌರಿಕರನ್ನು ಬಿಡುವುದಿಲ್ಲವಲ್ಲ ಅಂತ ಬರೆಯುತ್ತಾರೆ. ಕ್ಷೌರಿಕ ಎರಡೂ ಕಡೆ ಸಿಕ್ಕಿಕೊಂಡವನು ಅನ್ನುವುದು ಅವರಿಗೆ ಕಂಡಿತ್ತು. ಆದರೂ ನಾನು ನಮ್ಮವರಿಗೆ ಅಷ್ಟು ಸುಲಭವಾಗಿ ಕ್ಷಮೆ ಕೊಡಲಾರೆ. ಕೊಟ್ಟಿಗೆ ಮಗ್ಗುಲಲ್ಲಿ ಕೂತವರಿಗೆ ಅದರ ಉರಿ ಗೊತ್ತಿರಬೇಕಿತ್ತು.

ಸರ್ಕಾರದ ಕಡೆ ನೋಡಿದರೆ 2023ರ ಸೆಪ್ಟೆಂಬರ್ 17ರಂದು ಪಿಎಂ ವಿಶ್ವಕರ್ಮ ಯೋಜನೆ ಬಂತು. 18 ಕಸುಬುಗಳಲ್ಲಿ ನಮ್ಮದೂ ಒಂದು. ತರಬೇತಿ ಸಮಯದಲ್ಲಿ ದಿನಕ್ಕೆ 500, ಸಲಕರಣೆಗೆ 15,000, ಎರಡು ಕಂತಿನಲ್ಲಿ 3 ಲಕ್ಷದವರೆಗೆ ಶೇ. 5ರ ಬಡ್ಡಿಗೆ ಸಾಲ. ತಮಿಳುನಾಡು ಇದನ್ನು ಈ ರೂಪದಲ್ಲಿ ಒಪ್ಪಲಿಲ್ಲ. ಮನೆತನದ ಕಸುಬೇ ಇರಬೇಕು ಅನ್ನುವುದನ್ನು ತೆಗೆಯಿರಿ, 18 ವರ್ಷದವರಿಗೆ ಬೇಡ, ಕನಿಷ್ಠ 35 ಮಾಡಿ ಅಂತ ಕೇಳಿದರು. ಅಲ್ಲಿಯವರಿಗೆ ಆಗಿನ ಮದ್ರಾಸ್ ಮುಖ್ಯಮಂತ್ರಿ ರಾಜಾಜಿ 1953ರಲ್ಲಿ ತಂದ ಶಾಲಾ ಯೋಜನೆ ಇನ್ನೂ ನೆನಪಿದೆ. ಮಕ್ಕಳು ಅರ್ಧ ದಿನ ಶಾಲೆಗೆ, ಉಳಿದರ್ಧ ಅಪ್ಪನ ಕಸುಬು ಕಲಿಯಲು ಹೋಗಬೇಕು ಅಂತ ಇತ್ತು. ಜನ ಕುಲಕಲ್ವಿ, ಅಂದರೆ ಕುಲಕಸುಬಿನ ಶಿಕ್ಷಣ ಅಂತ ಜರಿದರು, ಪೆರಿಯಾರ್ ಬೀದಿಗಿಳಿದರು, 1954ರಲ್ಲಿ ವಾಪಸ್ ಹೋಯಿತು.

ನನಗೆ ತಮಿಳುನಾಡಿನ ವಯಸ್ಸಿನ ವಾದ ಸರಿ ಅನ್ನಿಸುತ್ತದೆ. ಹದಿನೆಂಟರ ಹುಡುಗನ ಕೈಗೆ ಕಾಲೇಜು ಫೀಸು ಕೊಡಿ, ಕತ್ತರಿ ಪೆಟ್ಟಿಗೆ ಬೇಡ. ನಲವತ್ತರ ಅಣ್ಣನಿಗೆ ಸಾಲ ಕೊಡಿ, ಅವನು ಇನ್ನು ಎಲ್ಲಿ ಹೋಗಲಿ? ಆದರೆ ಬ್ಯಾಂಕಿನವನಾಗಿ ಇನ್ನೊಂದು ಮಾತು. 3 ಲಕ್ಷದಲ್ಲಿ ಹೋಬಳಿಯಲ್ಲಿ ಹಳೇ ಅಂಗಡಿಗೆ ಹೊಸ ಕುರ್ಚಿ ಬರುತ್ತದೆ. ಬೆಂಗಳೂರಿನ ಗಾಜಿನ ಬಾಗಿಲಿಗೆ ಅದು ಅಡ್ವಾನ್ಸ್‌ಗೂ ಸಾಲದು. ಅಂದರೆ ಕಸುಬಿನಲ್ಲಿ ನಿಜವಾದ ದುಡ್ಡು ಇರುವ ಕಡೆ ನಾವು ಮಾಲೀಕರಾಗಿ ಹೋಗಲು ದಾರಿ ಇಲ್ಲ, ಸಂಬಳಕ್ಕೆ ಹೋಗಬಹುದು. 2ಎ ಕಥೆಯೂ ಹೀಗೇ. ಶೇ. 15 ಮೀಸಲಾತಿ, ಪಟ್ಟಿಯಲ್ಲಿ ಜಾತಿಗಳ ಸಂತೆ. ಭೂಮಿ, ಮಂತ್ರಿ, ಮಠ ಎಲ್ಲ ಇರುವವರ ಜೊತೆ ನಮ್ಮಂಥ ಚಿಲ್ಲರೆ ಜಾತಿಯ ಹುಡುಗರೂ ಅದೇ ಸಾಲಿನಲ್ಲಿ ನಿಲ್ಲಬೇಕು. ಒಳ ಹಂಚಿಕೆ ಮಾಡಿ ಅಂದರೆ 'ಹಿಂದುಳಿದವರನ್ನು ಒಡೆಯಬೇಡಿ' ಅಂತ ನಮಗೇ ಬುದ್ಧಿ ಹೇಳುತ್ತಾರೆ.

ಅಣ್ಣನ ಮಗ ಡಿಗ್ರಿ ಮುಗಿಸಿ, ಒಂದಷ್ಟು ದಿನ ಪರೀಕ್ಷೆ ಬರೆದು, ಈಗ ಮೈಸೂರಿನಲ್ಲಿ ಮೂರು ಕುರ್ಚಿಯ ಅಂಗಡಿ ಹಾಕಿದ್ದಾನೆ. ಬೋರ್ಡಿನಲ್ಲಿ ದೇವರ ಹೆಸರೂ ಇಲ್ಲ, ಸಮಾಜದ ಹೆಸರೂ ಇಲ್ಲ, ಎರಡು ಇಂಗ್ಲಿಷ್ ಪದ ಅಷ್ಟೇ. ಮನೆಯಲ್ಲಿ ಅತ್ತಿಗೆಗೆ ಬೇಜಾರು, 'ಓದಿಸಿದ್ದು ಇದಕ್ಕಾ' ಅಂತ. ಅವನಿಗೆ ಇಲ್ಲ. ಕೆಲಸಕ್ಕೆ ಇಬ್ಬರನ್ನು ಇಟ್ಟುಕೊಂಡಿದ್ದಾನೆ. ಒಬ್ಬ ಉತ್ತರ ಪ್ರದೇಶದವನು. ಇನ್ನೊಬ್ಬ ನಮ್ಮೂರಿನ ಕೇರಿಯ ಹುಡುಗ, ಮೈಸೂರಲ್ಲೇ ಕಲಿತವನು. ಫೇಡ್ ಕಟಿಂಗ್ ಅವನಷ್ಟು ನೀಟಾಗಿ ಅಣ್ಣನ ಮಗನಿಗೂ ಬರಲ್ಲ. ಹುಡುಗರು ಅವನೇ ಬೇಕು ಅಂತ ಕಾಯುತ್ತಾರೆ. ಅವನು ಯಾರ ಪೈಕಿ ಅಂತ ಆ ಕುರ್ಚಿಯಲ್ಲಿ ಕೂತವರು ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ.

ಮೊನ್ನೆ ಅವನ ಹತ್ತಿರವೇ ಕಟಿಂಗ್ ಮಾಡಿಸಿಕೊಂಡೆ. 'ಊರಲ್ಲೇ ಒಂದು ಅಂಗಡಿ ಹಾಕಬಾರದೇನೋ, ಬಾಡಿಗೆ ಕಮ್ಮಿ' ಅಂದೆ.

'ಯಾರು ಬರ್ತಾರಣ್ಣ ಅಲ್ಲಿ?'

'ನಾನು ಬರ್ತೀನಿ.'

'ನೀವು ತಿಂಗಳಿಗೆ ಒಂದು ಸಲ ಬರ್ತೀರ. ಅದ್ರಲ್ಲಿ ಕರೆಂಟ್ ಬಿಲ್ಲೂ ಕಟ್ಟಕ್ಕಾಗಲ್ಲ' ಅಂತ ನಕ್ಕು, ಕಿವಿ ಪಕ್ಕ ಮಷೀನ್ ಆಡಿಸಿದ.